ಲ್ಯಾಟಿನ್ ಕನ್ನಡಕ್ಕೆ ಬರುವಾಗ ಇಂಗ್ಲಿಷ್ ನಡುವೆ ಬೇಡ

ನಾವು ಕೆಲವರು ಗೆಳೆಯರು ಸೇರಿ ಒಂದು ಆಟ ಆಡುತ್ತೇವೆ. ಒಬ್ಬರು ಲ್ಯಾಟಿನ್‌ನಲ್ಲಿ ಒಂದು ಸಣ್ಣ ವಾಕ್ಯ ಬರೆದು ಕಳಿಸುತ್ತಾರೆ. ಮುಂದಿನವರು ಅದನ್ನು ತಮಗೆ ಗೊತ್ತಿರುವ ಬೇರೊಂದು ಭಾಷೆಗೆ ತಿರುಗಿಸಿ, ಮೂಲ ತೋರಿಸದೆ, ಆಚೆಯವರಿಗೆ ದಾಟಿಸಬೇಕು. ಹೀಗೆ ಮೂರು ನಾಲ್ಕು ಭಾಷೆ ಸುತ್ತಿ ಬಂದದ್ದನ್ನು ಕೊನೆಯವರು ಮತ್ತೆ ಲ್ಯಾಟಿನ್‌ಗೆ ತರಬೇಕು. ಹೊರಟ ವಾಕ್ಯವನ್ನೂ ಬಂದ ವಾಕ್ಯವನ್ನೂ ಪಕ್ಕಪಕ್ಕ ಇಟ್ಟು, ಎಲ್ಲಿ ಏನು ಜಾರಿಹೋಯಿತು ಅಂತ ಹುಡುಕುವುದೇ ಆಟದ ಮುಖ್ಯ ಮಜಾ. ಗೆದ್ದವರು ಸೋತವರು ಅಂತ ಯಾರೂ ಇಲ್ಲ.

ಗುಂಪಿನಲ್ಲಿ ಸಂಸ್ಕೃತ ಚೆನ್ನಾಗಿ ಬಲ್ಲವರಿದ್ದಾರೆ, ಫಿನ್ನಿಷ್ ಕಲಿಯುತ್ತಿರುವವರಿದ್ದಾರೆ, ಇಟಾಲಿಯನ್ ಬಲ್ಲವರಿದ್ದಾರೆ. ಕನ್ನಡ ನನ್ನ ಪಾಲಿಗೆ. ಈ ಆಟ ಆಡುತ್ತಾ ಆಡುತ್ತಾ ನನ್ನಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿದೆ, ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕನ್ನಡದವರು ಲ್ಯಾಟಿನ್ ಓದುವಾಗ ಮೊದಲು ಇಂಗ್ಲಿಷ್‌ನಲ್ಲಿ ಅರ್ಥ ಮಾಡಿಕೊಂಡು ಆಮೇಲೆ ಕನ್ನಡಕ್ಕೆ ತರುವ ಅಭ್ಯಾಸ ಬಿಡಬೇಕು. ಲ್ಯಾಟಿನ್ ಪಾಠಪುಸ್ತಕಗಳು ಇಂಗ್ಲಿಷ್‌ನಲ್ಲಿ ಸಿಗುವುದರಿಂದ ಈ ಅಭ್ಯಾಸ ತಾನಾಗೇ ಬಂದುಬಿಡುತ್ತದೆ. ಆದರೆ ವಾಕ್ಯ ಕಟ್ಟುವ ರೀತಿಯಲ್ಲಿ ಲ್ಯಾಟಿನ್‌ಗೆ ಇಂಗ್ಲಿಷ್‌ಗಿಂತ ಕನ್ನಡವೇ ಎಷ್ಟೋ ಕಡೆ ಹತ್ತಿರ. ಸುಮ್ನೆ ಅಭಿಮಾನಕ್ಕೆ ಹೇಳುತ್ತಿಲ್ಲ. ಒಂದೊಂದೇ ವಾಕ್ಯ ತೆಗೆದುಕೊಂಡು ನೋಡೋಣ.

ಇದು ಒಂದು ಸುತ್ತಿನಲ್ಲಿ ಹೊರಟ ವಾಕ್ಯ: 'ಮಾರ್ಕುಸ್ ಅಮೀಕುಮ್ ಎಯ್ಯುಸ್ ಲೌದತ್.' ಮಾರ್ಕುಸ್ ಅವನ ಗೆಳೆಯನನ್ನು ಹೊಗಳುತ್ತಾನೆ. ಯಾರ ಗೆಳೆಯ? 'ಎಯ್ಯುಸ್' ಅಂದರೆ ಬೇರೆ ಯಾರದೋ ಗೆಳೆಯ, ಮಾರ್ಕುಸ್‌ನ ಗೆಳೆಯ ಅಲ್ಲ. ಮಾರ್ಕುಸ್‌ನ ಸ್ವಂತ ಗೆಳೆಯನಾಗಿದ್ದರೆ 'ಅಮೀಕುಮ್ ಸುಉಮ್' ಅಂತ ಇರುತ್ತಿತ್ತು. ವಾಕ್ಯ ಮೊದಲು ಇಂಗ್ಲಿಷ್‌ಗೆ ಹೋಯಿತು. ಅಲ್ಲಿ ಎರಡಕ್ಕೂ 'ಹಿಸ್' ಒಂದೇ. ಅಲ್ಲಿಂದ ಕನ್ನಡಕ್ಕೆ ಬಂದಾಗ 'ಮಾರ್ಕುಸ್ ತನ್ನ ಗೆಳೆಯನನ್ನು ಹೊಗಳುತ್ತಾನೆ' ಆಯಿತು, ಯಾಕೆಂದರೆ ಇಂಗ್ಲಿಷ್ ವಾಕ್ಯ ಓದಿದವರಿಗೆ ಮೊದಲು ಹೊಳೆಯುವುದು ಅದೇ ಅರ್ಥ. ಕನ್ನಡದಿಂದ ಲ್ಯಾಟಿನ್‌ಗೆ ಮರಳಿದಾಗ ಚಂದವಾಗಿ 'ಸುಉಮ್' ಬಂತು. ಗೆಳೆಯನೇ ಬದಲಾಗಿಹೋದ! ಅದೇ ವಾಕ್ಯವನ್ನು ಇನ್ನೊಮ್ಮೆ ಲ್ಯಾಟಿನ್‌ನಿಂದ ನೇರ ಕನ್ನಡಕ್ಕೆ ತಂದು ಕಳಿಸಿದಾಗ ಏನೂ ಕಳೆದುಹೋಗಲಿಲ್ಲ. ನಮ್ಮಲ್ಲಿ 'ತನ್ನ' ಮತ್ತು 'ಅವನ' ಬೇರೆ ಬೇರೆ ಇವೆ. ಮಾತಿನಲ್ಲಿ ಈ ವ್ಯತ್ಯಾಸವನ್ನು ಕೆಲವೊಮ್ಮೆ ಸಡಿಲ ಬಿಡುತ್ತೇವೆ ನಿಜ, ಆದರೆ ಬೇಕು ಅಂದಾಗ 'ತಾನು' ಕೈಗೆ ಸಿಗುತ್ತದೆ. ಲ್ಯಾಟಿನ್‌ನ 'ಸೇ, ಸುಉಸ್' ಮಾಡುವ ಕೆಲಸವನ್ನೇ ನಮ್ಮ 'ತಾನು, ತನ್ನ' ಮಾಡುತ್ತವೆ.

ಇನ್ನೊಂದು ಇದಕ್ಕಿಂತ ಸರಳ. 'ಎಸ್ತ್ ಮಿಹಿ ಫೀಲಿಉಸ್.' ಪದಕ್ಕೆ ಪದ ಇಟ್ಟರೆ 'ಇದ್ದಾನೆ ನನಗೆ ಮಗ'. ಅಂದರೆ ನನಗೆ ಒಬ್ಬ ಮಗ ಇದ್ದಾನೆ. ಇಂಗ್ಲಿಷ್ ಪಾಠಪುಸ್ತಕ ಇದನ್ನು ವಿವರಿಸಲು ಅರ್ಧ ಪುಟ ತೆಗೆದುಕೊಳ್ಳುತ್ತದೆ, ಅದಕ್ಕೊಂದು ವಿಶೇಷ ಹೆಸರಿಟ್ಟು, ಇದು ಚತುರ್ಥಿ ವಿಭಕ್ತಿಯ ಒಂದು ವಿಚಿತ್ರ ಬಳಕೆ ಎಂಬಂತೆ ಹೇಳುತ್ತದೆ. ಕನ್ನಡದವರಿಗೆ ಇದರಲ್ಲಿ ವಿವರಿಸಲು ಏನಿದೆ? ನಾವು ಹುಟ್ಟಿದಾಗಿನಿಂದ ಹಾಗೇ ಮಾತಾಡುತ್ತಿದ್ದೇವೆ. 'ಮಿಹಿ ಪ್ಲಕೆತ್' ಕೂಡ ಹಾಗೇ, ನನಗೆ ಇಷ್ಟ. ಲ್ಯಾಟಿನ್‌ನಲ್ಲಿ ಮಗ ಇರುವುದನ್ನು 'ಹೊಂದಿದ್ದೇನೆ' ಎಂಬ ಕ್ರಿಯಾಪದ ಹಾಕಿಯೂ ಹೇಳಬಹುದು, ಅದು ಬೇರೆ ಮಾತು. ಆದರೆ ಮೊದಲಿನ ರೀತಿ ನೋಡಿದ ಕೂಡಲೇ ನಮಗೆ ಅದು ಮನೆಯ ಮಾತಿನಂತೆ ಕೇಳಿಸಬೇಕು. ಇಂಗ್ಲಿಷ್ ಮೂಲಕ ಹೋದವರಿಗೆ ಅದು ಕೇಳಿಸುವುದೇ ಇಲ್ಲ, ಅವರು ನಿಯಮ ನೆನಪಿಟ್ಟುಕೊಳ್ಳುತ್ತಾ ಕೂರುತ್ತಾರೆ.

ಪ್ರಶ್ನೆ ಕೇಳುವ ರೀತಿ ನೋಡಿದರೆ ಇನ್ನೂ ಖುಷಿ ಆಗುತ್ತದೆ. ಲ್ಯಾಟಿನ್‌ನಲ್ಲಿ ಪ್ರಶ್ನೆ ಮಾಡಲು ಪದದ ಕೊನೆಗೆ 'ನೆ' ಅಂಟಿಸುತ್ತಾರೆ. 'ವೆನೀಸ್' ಅಂದರೆ ಬರುತ್ತೀಯ. 'ವೆನೀಸ್ನೆ?' ಅಂದರೆ ಬರ್ತೀಯಾ? ನಾವು 'ಆ' ಅಂಟಿಸಿದ ಹಾಗೇ. ಈ 'ನೆ' ಬರೀ ಕ್ರಿಯಾಪದಕ್ಕೆ ಅಂಟಬೇಕೆಂದೇನಿಲ್ಲ. ಯಾವ ಪದದ ಬಗ್ಗೆ ಅನುಮಾನವೋ ಆ ಪದವನ್ನು ಮುಂದೆ ತಂದು ಅದಕ್ಕೇ ಅಂಟಿಸಬಹುದು. 'ತೂನೆ ವೆನೀಸ್?' ನೀನಾ ಬರೋದು? 'ಹೊದಿಏನೆ ವೆನೀಸ್?' ಇವತ್ತಾ ಬರೋದು? ಇಂಗ್ಲಿಷ್‌ನಲ್ಲಿ ಇದನ್ನು ಹೇಳಲು ಧ್ವನಿ ಏರಿಸಬೇಕು, ಇಲ್ಲವೇ ವಾಕ್ಯವನ್ನೇ ಬೇರೆ ಥರ ಕಟ್ಟಬೇಕು. ಉತ್ತರ ಹೌದು ಅಂತಲೇ ಬರಬೇಕು ಎಂಬ ನಿರೀಕ್ಷೆ ಇದ್ದರೆ ಲ್ಯಾಟಿನ್‌ನವರು 'ನೋನ್ನೆ ವೆನೀಸ್?' ಅನ್ನುತ್ತಾರೆ. ಬರ್ತೀಯ ಅಲ್ವಾ? ಇಲ್ಲ ಅನ್ನುವ ಉತ್ತರದ ನಿರೀಕ್ಷೆ ಇದ್ದರೆ 'ನುಮ್ ವೆನೀಸ್?' ಬರಲ್ಲ ತಾನೇ? ಉತ್ತರವೂ ನಮ್ಮ ಹಾಗೇ. ಲ್ಯಾಟಿನ್‌ನಲ್ಲಿ 'ಹೌದು' ಎಂಬುದಕ್ಕೆ ಎಲ್ಲ ಕಡೆಗೂ ಹೊಂದುವ ಒಂದೇ ಪದ ಇರಲಿಲ್ಲ, ಸಾಮಾನ್ಯವಾಗಿ ಕ್ರಿಯಾಪದವನ್ನೇ ತಿರುಗಿ ಹೇಳುತ್ತಿದ್ದರು. 'ವೆನೀಸ್ನೆ?' 'ವೆನಿಓ.' ಬರ್ತೀಯಾ? ಬರ್ತೀನಿ. ಎರಡು ಸಾವಿರ ವರ್ಷದ ಹಿಂದಿನ ಮಾತು ಅಂತ ಅನಿಸುವುದೇ ಇಲ್ಲ.

'ಮತ್ತು' ಕೂಡ ಹೀಗೇ ಬಾಲಕ್ಕೆ ಅಂಟುತ್ತದೆ. ರೋಮನ್ನರು ಕಲ್ಲಿನ ಮೇಲೆಲ್ಲ ಕೆತ್ತಿಸಿದ ನಾಲ್ಕು ಅಕ್ಷರಗಳಿವೆಯಲ್ಲ, ಎಸ್ ಪಿ ಕ್ಯೂ ಆರ್. ಅದು 'ಸೆನಾತುಸ್ ಪೊಪುಲುಸ್‌ಕ್ವೆ ರೋಮಾನುಸ್' ಎಂಬುದರ ಚುಟುಕು. ಆ ಕ್ಯೂ ಅಕ್ಷರ 'ಕ್ವೆ' ಎಂಬ ಬಾಲದ್ದು. ರೋಮಿನ ಸೆನೆಟ್ಟೂ ಜನರೂ. ನಾವು ಎರಡು ಕಡೆಗೂ 'ಊ' ಹಾಕುತ್ತೇವೆ, ಅವರು ಸಾಮಾನ್ಯವಾಗಿ ಎರಡನೆಯದಕ್ಕೆ ಮಾತ್ರ ಹಾಕುತ್ತಾರೆ, ಕವಿಗಳು ಕೆಲವೊಮ್ಮೆ ಎರಡಕ್ಕೂ ಹಾಕುತ್ತಾರೆ. ನಮ್ಮ ಗುಂಪಿನ ಸಂಸ್ಕೃತದವರು ಇದನ್ನು ನೋಡಿದ ಕೂಡಲೇ 'ಇದು ನಮ್ಮ ಚ' ಅಂದರು. ಸರಿಯಾಗೇ ಹೇಳಿದರು. 'ಪತೆರ್ ಮಾತೆರ್‌ಕ್ವೆ' ಅಂದರೆ 'ಪಿತಾ ಮಾತಾ ಚ'. ಲ್ಯಾಟಿನ್‌ನ 'ಕ್ವೆ'ಯೂ ಸಂಸ್ಕೃತದ 'ಚ'ವೂ ಒಂದೇ ಬೇರಿನವು.

ಸಂಸ್ಕೃತದ ಮಾತು ಬಂದದ್ದರಿಂದ ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು, ಇದರಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಲ್ಯಾಟಿನ್‌ಗೂ ಸಂಸ್ಕೃತಕ್ಕೂ ಇರುವುದು ರಕ್ತಸಂಬಂಧ. ವಿಲಿಯಂ ಜೋನ್ಸ್ 1786ರಲ್ಲಿ ಏಷ್ಯಾಟಿಕ್ ಸೊಸೈಟಿಯ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೂರೂ ಒಂದೇ ಮೂಲದಿಂದ ಬಂದಿರಬೇಕು ಅಂತ ಹೇಳಿದ್ದು ಪ್ರಸಿದ್ಧ. ಆಟದಲ್ಲಿ ಇದನ್ನು ಕಣ್ಣಾರೆ ಕಾಣಬಹುದು. 'ದೆಉಸ್ ದೋನ ದತ್' ಅಂತ ಕಳಿಸಿ ನೋಡಿ. ಸಂಸ್ಕೃತದಲ್ಲಿ 'ದೇವಃ ದಾನಾನಿ ದದಾತಿ'. ಮೂರಕ್ಕೆ ಮೂರೂ ಪದ ಒಂದೇ ಮನೆತನದವು. ಬೆಂಕಿಗೆ 'ಇಗ್ನಿಸ್', ಹಲ್ಲಿಗೆ 'ದೇನ್ಸ್' (ಮೂಲರೂಪ 'ದೆಂತ್'), ಏಳಕ್ಕೆ 'ಸೆಪ್ತೆಮ್'. ಕನ್ನಡಕ್ಕೆ ಲ್ಯಾಟಿನ್ ಜೊತೆ ಅಂಥ ಸಂಬಂಧ ಇಲ್ಲ, ಕನ್ನಡ ದ್ರಾವಿಡ ಕುಟುಂಬದ್ದು. ಕನ್ನಡ ಲ್ಯಾಟಿನ್‌ಗೆ ಹತ್ತಿರ ಅಂತ ನಾನು ಹೇಳುವಾಗ ಪದಗಳ ಬಗ್ಗೆ ಹೇಳುತ್ತಿಲ್ಲ, ವಾಕ್ಯ ಕಟ್ಟುವ ಬಗ್ಗೆ ಹೇಳುತ್ತಿದ್ದೇನೆ. ವಿಭಕ್ತಿ ಇದೆ, ಆದ್ದರಿಂದ ಪದಗಳನ್ನು ಹಿಂದೆ ಮುಂದೆ ಆಡಿಸಬಹುದು. 'ಕನಿಸ್ ಹೊಮಿನೆಮ್ ಮೊರ್ದೆತ್' ಅಂದರೂ 'ಹೊಮಿನೆಮ್ ಕನಿಸ್ ಮೊರ್ದೆತ್' ಅಂದರೂ ಕಚ್ಚುವುದು ನಾಯಿಯೇ. ಕನ್ನಡದಲ್ಲೂ 'ನಾಯಿ ಮನುಷ್ಯನನ್ನು', 'ಮನುಷ್ಯನನ್ನು ನಾಯಿ', ಹೇಗೆ ಬೇಕಾದರೂ ಇಡಿ. ಇಂಗ್ಲಿಷ್‌ನಲ್ಲಿ ಜಾಗ ಬದಲಿಸಿದರೆ ಮನುಷ್ಯ ನಾಯಿಯನ್ನು ಕಚ್ಚಿಬಿಡುತ್ತಾನೆ. ಜೊತೆಗೆ, ಕ್ರಿಯಾಪದವನ್ನು ಕೊನೆಗೆ ಇಡುವ ಒಲವು ಇಬ್ಬರಿಗೂ ಇದೆ. ಕರ್ತೃವನ್ನು ಬಾಯಿಬಿಟ್ಟು ಹೇಳದೆ ಕ್ರಿಯಾಪದದ ಬಾಲದಲ್ಲೇ ಮುಗಿಸುವ ಅಭ್ಯಾಸವೂ ಇಬ್ಬರಿಗೂ ಇದೆ.

ಲ್ಯಾಟಿನ್ ಕಲಿಯುವವರು ತುಂಬ ಹೆದರುವ ಒಂದು ರಚನೆ ಇದೆ. 'ಸೋಲೆ ಒರ್ತೋ ತೆನೆಬ್ರೈ ಫುಗಿಉಂತ್.' ಸೂರ್ಯ ಹುಟ್ಟಿದ ಮೇಲೆ ಕತ್ತಲು ಓಡುತ್ತದೆ. ಮೊದಲ ಎರಡು ಪದ ಉಳಿದ ವಾಕ್ಯಕ್ಕೆ ಅಂಟಿಕೊಳ್ಳದೆ ತಮ್ಮ ಪಾಡಿಗೆ ನಿಲ್ಲುತ್ತವೆ, ಎರಡೂ ಒಂದೇ ವಿಭಕ್ತಿಯಲ್ಲಿರುತ್ತವೆ. ಸಂಸ್ಕೃತದವರಿಗೆ ಇದು ಸತಿ ಸಪ್ತಮಿ, 'ಉದಿತೇ ಸೂರ್ಯೇ'. ಅವರ ಅನುವಾದ ಒಂದು ನಿಮಿಷದಲ್ಲಿ ಬಂತು. ಕನ್ನಡದಲ್ಲಿ 'ಸೂರ್ಯ ಹುಟ್ಟಲು ಕತ್ತಲು ಓಡುತ್ತದೆ' ಅನ್ನಬಹುದು. ಇನ್ನೂ ಆಡುಮಾತಿನಲ್ಲಿ ಬೇಕೆಂದರೆ 'ಮಳೆ ಬಂದು ಕೆರೆ ತುಂಬಿತು' ಎಂಬ ಮಾದರಿ ಇದೆ. ಬಂದದ್ದು ಮಳೆ, ತುಂಬಿದ್ದು ಕೆರೆ, ಆದರೂ ಒಂದೇ ಉಸಿರಿನ ವಾಕ್ಯ. ಯಾಕೆ, ಯಾವಾಗ, ಹೇಗೆ ಅಂತ ಯಾವ ಪದವನ್ನೂ ಸೇರಿಸದೆ ಕೇಳುವವರಿಗೇ ಬಿಟ್ಟುಕೊಡುವ ಗುಣ ಲ್ಯಾಟಿನ್ ರಚನೆಯಲ್ಲಿದೆ. ನಮ್ಮದರಲ್ಲೂ ಇದೆ. ಇಂಗ್ಲಿಷ್ ಅನುವಾದ ಮಾತ್ರ 'ಯಾವಾಗ' ಅಥವಾ 'ಯಾಕೆಂದರೆ' ಯಾವುದೋ ಒಂದನ್ನು ಆರಿಸಿಕೊಳ್ಳುತ್ತದೆ, ಆಮೇಲೆ ಆ ಆಯ್ಕೆ ಸರಪಳಿಯುದ್ದಕ್ಕೂ ಉಳಿದುಬಿಡುತ್ತದೆ.

ಈಗ ಲಿಪಿಯ ವಿಷಯ. ನಾನು ಇಲ್ಲಿ ಲ್ಯಾಟಿನ್ ವಾಕ್ಯಗಳನ್ನೆಲ್ಲ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ, ಪ್ರಾಚೀನ ರೋಮಿನ ಉಚ್ಚಾರಣೆ ಹಿಡಿದು. ಚರ್ಚಿನ ಉಚ್ಚಾರಣೆ ಸ್ವಲ್ಪ ಬೇರೆ. ಹೀಗೆ ಬರೆಯುವುದರಲ್ಲಿ ಒಂದು ದೊಡ್ಡ ಲಾಭ ಇದೆ. ಲ್ಯಾಟಿನ್‌ನಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ, ಆದರೆ ಮಾಮೂಲಿ ರೋಮನ್ ಬರವಣಿಗೆಯಲ್ಲಿ ಅದು ಕಾಣುವುದಿಲ್ಲ, ಪಾಠಪುಸ್ತಕಗಳಲ್ಲಿ ಅಕ್ಷರದ ತಲೆಯ ಮೇಲೆ ಗೆರೆ ಎಳೆದು ತೋರಿಸಬೇಕಾಗುತ್ತದೆ. ಕನ್ನಡ ಲಿಪಿಯಲ್ಲಿ ಅದು ತಾನಾಗೇ ಬರುತ್ತದೆ. 'ವೆನಿತ್' ಅಂದರೆ ಬರುತ್ತಾನೆ, 'ವೇನಿತ್' ಅಂದರೆ ಬಂದ. 'ಲಿಬೆರ್' ಪುಸ್ತಕ, 'ಲೀಬೆರ್' ಸ್ವತಂತ್ರ. 'ಒಸ್' ಮೂಳೆ, 'ಓಸ್' ಬಾಯಿ. ಗಮನಿಸಿ, ಎ ಏ, ಒ ಓ ವ್ಯತ್ಯಾಸ ತೋರಿಸುವ ಅನುಕೂಲ ಸಂಸ್ಕೃತ ಬರೆಯುವ ನಾಗರಿ ಲಿಪಿಗೂ ಸುಲಭವಾಗಿ ಇಲ್ಲ. ದ್ರಾವಿಡ ಭಾಷೆಗೆ ಬೇಕಾಗಿದ್ದ ಆ ಅಕ್ಷರಗಳು ಲ್ಯಾಟಿನ್‌ಗೂ ಸರಿಯಾಗಿ ಹೊಂದುತ್ತವೆ. ಕನ್ನಡದಲ್ಲಿ ಲ್ಯಾಟಿನ್ ಪಾಠ ಬರೆಯುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಬಳಸಿಕೊಳ್ಳಿ.

ಆದರೆ ಇದೇ ಲಾಭ ಆಟದ ಕೆಲವು ಹಳೆಯ ಚಮತ್ಕಾರಗಳನ್ನು ಬಯಲು ಮಾಡಿಬಿಡುತ್ತದೆ. ಲ್ಯಾಟಿನ್ ಕಲಿಯುವ ಮಕ್ಕಳಿಗೆ ಕೊಡುವ ಒಂದು ಒಗಟು ಇದೆ. ರೋಮನ್ ಅಕ್ಷರದಲ್ಲಿ ನೋಡಿದರೆ ಅದು 'ನನ್ನ ಅಮ್ಮ ಕೆಟ್ಟ ಹಂದಿ' ಅಂತ ಓದಿಸಿಕೊಳ್ಳುತ್ತದೆ: 'ಮಾತೆರ್ ಮೆಅ ಸೂಸ್ ಎಸ್ತ್ ಮಲ.' ಅಷ್ಟೇ ಅಕ್ಷರಗಳನ್ನು ದೀರ್ಘ ಬದಲಿಸಿ ಓದಿದರೆ 'ಮಾತೆರ್, ಮೆಆ, ಸೂಸ್ ಏಸ್ತ್ ಮಾಲ.' ಅಮ್ಮಾ, ಹೋಗು, ಹಂದಿ ಸೇಬು ತಿನ್ನುತ್ತಿದೆ! 'ಎಸ್ತ್' ಅಂದರೆ ಇದೆ, 'ಏಸ್ತ್' ಅಂದರೆ ತಿನ್ನುತ್ತದೆ. ಕನ್ನಡ ಲಿಪಿಯಲ್ಲಿ ಬರೆದ ತಕ್ಷಣ ಗುಟ್ಟು ರಟ್ಟು. ಇನ್ನೊಂದು, ಒಂದೇ ಪದವನ್ನು ನಾಲ್ಕು ಸಲ ಬರೆದು ಮಾಡಿದ ಪದ್ಯ: 'ಮಾಲೋ ಮಾಲೋ ಮಲೋ ಮಲೋ.' ಕಷ್ಟದಲ್ಲಿರುವ ಕೆಟ್ಟವನಾಗುವುದಕ್ಕಿಂತ ಸೇಬಿನ ಮರದಲ್ಲಿರುವುದು ನನಗೆ ಇಷ್ಟ. ರೋಮನ್ ಅಕ್ಷರದಲ್ಲಿ ನಾಲ್ಕೂ ಒಂದೇ, ನಮ್ಮಲ್ಲಿ ಎರಡು ಎರಡಾಗಿ ಒಡೆದುಕೊಳ್ಳುತ್ತವೆ. ಹಾಗಾಗಿ ಒಗಟು ಕಳಿಸುವಾಗ ರೋಮನ್‌ನಲ್ಲೇ ಕಳಿಸಿ, ಬಿಡಿಸಿದ ಮೇಲೆ ಕನ್ನಡ ಲಿಪಿಯಲ್ಲಿ ಬರೆದು ತೋರಿಸಿ.

ಕನ್ನಡಕ್ಕೆ ನಿಜವಾಗಿ ಕಷ್ಟ ಕೊಡುವ ಜಾಗಗಳೂ ಇವೆ. ಅವುಗಳನ್ನು ಮುಚ್ಚಿಟ್ಟರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ.

'ಅಮತ್' ಎಂಬ ಒಂದೇ ಪದ ತೆಗೆದುಕೊಳ್ಳಿ. ಪ್ರೀತಿಸುತ್ತಾನೆಯೋ, ಪ್ರೀತಿಸುತ್ತಾಳೆಯೋ, ಪ್ರೀತಿಸುತ್ತದೆಯೋ? ಲ್ಯಾಟಿನ್ ಹೇಳುವುದಿಲ್ಲ. ಫಿನ್ನಿಷ್‌ನಲ್ಲಿ ಅವನು ಅವಳು ಎರಡಕ್ಕೂ 'ಹ್ಯಾನ್' ಎಂಬ ಒಂದೇ ಸರ್ವನಾಮ, ಆದ್ದರಿಂದ ಅಲ್ಲಿ ತೊಂದರೆ ಇಲ್ಲ. ಕನ್ನಡದ ಕ್ರಿಯಾಪದದ ಬಾಲಕ್ಕೆ ಮಾತ್ರ ಗಂಡೋ ಹೆಣ್ಣೋ ಗೊತ್ತಾಗಲೇಬೇಕು. 'ಪ್ರೀತಿಸುತ್ತಾರೆ' ಅಂತ ಗೌರವದ ರೂಪ ಹಾಕಿ ಲಿಂಗ ಮರೆಸಬಹುದು, ನಾನು ಹಾಗೆ ಮಾಡಿಯೂ ಇದ್ದೇನೆ. ಆಗ ಮುಂದಿನವರು ಅದನ್ನು ಬಹುವಚನ ಅಂದುಕೊಂಡು 'ಅಮಂತ್' ಮಾಡುವ ಅಪಾಯ ಇದೆ. ಒಂದನ್ನು ಉಳಿಸಿಕೊಳ್ಳಲು ಹೋದರೆ ಇನ್ನೊಂದು ಹೋಗುತ್ತದೆ.

ಗೌರವದ ಸಮಸ್ಯೆ ಬೇರೆಯೇ ಇದೆ. ಪ್ರಾಚೀನ ಲ್ಯಾಟಿನ್‌ನಲ್ಲಿ ಎದುರಿಗಿರುವುದು ಒಬ್ಬರೇ ಆದರೆ ಅದು ಚಕ್ರವರ್ತಿಯಾದರೂ 'ತೂ', ನೀನು. ರೋಮಿನ ವಾಗ್ಮಿ ಸಿಸೆರೋ ಸೀಸರನ ಮುಂದೆ ನಿಂತು ಮಾಡಿದ ಭಾಷಣದಲ್ಲೂ 'ತೂ' ಅಂತಲೇ ಇದೆ. ಬಹುವಚನದಲ್ಲಿ ಗೌರವ ಕೊಡುವ ರೂಢಿ ಬಂದದ್ದು ತುಂಬ ಆಮೇಲೆ. ಕ್ರಿ.ಶ. 52ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಫುಕಿನುಸ್ ಸರೋವರದ ಮೇಲೆ ಒಂದು ನಕಲಿ ನೌಕಾಯುದ್ಧ ಏರ್ಪಡಿಸಿದ್ದ. ಅದರಲ್ಲಿ ಹೋರಾಡಬೇಕಿದ್ದವರು ಅವನಿಗೆ ಹೇಳಿದರು ಅಂತ ರೋಮಿನ ಇತಿಹಾಸಕಾರ ಸುಯೆಟೋನಿಯಸ್ ದಾಖಲಿಸಿದ ವಾಕ್ಯ ಎಲ್ಲರೂ ಕೇಳಿರುವಂಥದ್ದು: 'ಅವೇ ಇಂಪೆರಾತೊರ್, ಮೊರಿತೂರೀ ತೇ ಸಲೂತಂತ್.' ಇಲ್ಲಿ 'ತೇ' ಅಂದರೆ ನಿನಗೆ. ಕನ್ನಡದಲ್ಲಿ ಸಾಯಲು ಹೊರಟ ಜನ ಚಕ್ರವರ್ತಿಗೆ 'ನಿನಗೆ' ಅಂದರೆ ಅದರಲ್ಲಿ ಸಿಟ್ಟೋ ಅಸಡ್ಡೆಯೋ ಕೇಳಿಸುತ್ತದೆ, ಮೂಲದಲ್ಲಿ ಅದು ಇಲ್ಲ. ಹಾಗಾಗಿ 'ದೊರೆಯೇ, ಸಾಯಲಿರುವವರು ತಮಗೆ ವಂದಿಸುತ್ತಾರೆ' ಅಂತ ಮಾಡುವುದು ಸರಿ ಅಂತ ನನ್ನ ನಿಲುವು. ಇನ್ನೊಂದು ವಿಷಯ ನೋಡಿ. 'ಮೊರಿತೂರೀ' ಒಂದೇ ಪದ, 'ಸಾಯಲಿರುವವರು' ಕೂಡ ಒಂದೇ ಪದ. ಇಂಗ್ಲಿಷ್‌ಗೆ ನಾಲ್ಕೈದು ಪದ ಬೇಕು.

ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಕ್ಲಾಡಿಯಸ್ ಅದಕ್ಕೆ 'ಔತ್ ನೋನ್' ಅಂತ ಉತ್ತರ ಕೊಟ್ಟನಂತೆ, 'ಇಲ್ಲದೆಯೂ ಇರಬಹುದು' ಅನ್ನುವ ಹಾಗೆ. ಅವರು ಅದನ್ನು ಕ್ಷಮೆ ಅಂತ ತಿಳಿದು ಹೋರಾಡುವುದಕ್ಕೇ ಒಪ್ಪಲಿಲ್ಲ, ಕೊನೆಗೆ ಅವನು ಬೆದರಿಸಿ ಹುರಿದುಂಬಿಸಿ ಅವರನ್ನು ಯುದ್ಧಕ್ಕೆ ಇಳಿಸಬೇಕಾಯಿತು. ಎರಡು ಪದದ ಉತ್ತರಕ್ಕೆ ಎಷ್ಟು ಭಾರ!

ಸಂಬಂಧ ಸೂಚಿಸುವ ವಾಕ್ಯಗಳಲ್ಲಿ ಕನ್ನಡ ನಿಜಕ್ಕೂ ಬಿಗಿಯಾಗುತ್ತದೆ. 'ಪುಎರ್ ಕ್ವೆಮ್ ವೀದೀ' ನಾನು ನೋಡಿದ ಹುಡುಗ, ಸರಿ. 'ಅಮೀಕುಸ್ ಕ್ವೋಕುಮ್ ವೇನೀ', ಯಾವ ಗೆಳೆಯನ ಜೊತೆ ನಾನು ಬಂದೆನೋ ಆ ಗೆಳೆಯ. 'ನಾನು ಬಂದ ಗೆಳೆಯ' ಅಂದರೆ ಆಗುವುದಿಲ್ಲ. ಜೊತೆ, ಮೂಲಕ, ಸಲುವಾಗಿ ಇಂಥವೆಲ್ಲ ಆ ಜಾಗದಲ್ಲಿ ಉದುರಿಹೋಗುತ್ತವೆ. ಸಿಸೆರೋನ ಉದ್ದ ವಾಕ್ಯಗಳಲ್ಲಿ ಇಂಥವು ಒಂದರೊಳಗೊಂದು ಸೇರಿಕೊಂಡಿರುತ್ತವೆ, ಅವನ್ನು ಕನ್ನಡಕ್ಕೆ ತರುವಾಗ ಒಡೆದು ಎರಡು ಮೂರು ವಾಕ್ಯ ಮಾಡುವುದೇ ವಾಸಿ. ಇಲ್ಲಿ ಇಂಗ್ಲಿಷ್‌ನ ದಾರಿ ಸಲೀಸು ಅಂತ ಒಪ್ಪುತ್ತೇನೆ.

ನನಗೆ ತುಂಬ ಇಷ್ಟವಾದ ಸುತ್ತು ಒಂದು ಭವಿಷ್ಯವಾಣಿಯದು. 'ಈಬಿಸ್ ರೆದೀಬಿಸ್ ನುಂಕ್ವಮ್ ಪೆರ್ ಬೆಲ್ಲ ಪೆರೀಬಿಸ್.' ಹೋಗುವೆ, ಮರಳುವೆ, ಎಂದಿಗೂ ಇಲ್ಲ, ಯುದ್ಧದಲ್ಲಿ ಸಾಯುವೆ. ಮಧ್ಯದ 'ನುಂಕ್ವಮ್', ಅಂದರೆ ಎಂದಿಗೂ ಇಲ್ಲ, ಹಿಂದಿನ ಪದಕ್ಕೆ ಸೇರುತ್ತದೋ ಮುಂದಿನ ಪದಕ್ಕೆ ಸೇರುತ್ತದೋ ಎಂಬುದರ ಮೇಲೆ ಸಿಪಾಯಿಯ ಜೀವ ನಿಂತಿದೆ. ಹಿಂದಿನದಕ್ಕೆ ಸೇರಿದರೆ ಮರಳಿ ಬರುವುದೇ ಇಲ್ಲ, ಯುದ್ಧದಲ್ಲಿ ಸಾಯುತ್ತಾನೆ. ಮುಂದಿನದಕ್ಕೆ ಸೇರಿದರೆ ಮರಳುತ್ತಾನೆ, ಯುದ್ಧದಲ್ಲಿ ಸಾಯುವುದಿಲ್ಲ. ಇಂಗ್ಲಿಷ್‌ನಲ್ಲಿ ಇದು ಸುಲಭವಾಗಿ ಬರುತ್ತದೆ. ಕನ್ನಡದಲ್ಲಿ ನಿಷೇಧ ಕ್ರಿಯಾಪದದ ಒಳಗೇ ಕೂರುತ್ತದೆ, ಮರಳುವುದಿಲ್ಲ, ಸಾಯುವುದಿಲ್ಲ. ಹಾಗಾಗಿ ಆರಿಸಿಕೊಳ್ಳಲೇಬೇಕು, ಆರಿಸಿಕೊಂಡರೆ ಭವಿಷ್ಯವಾಣಿಯ ಜಾಣತನ ಸತ್ತುಹೋಗುತ್ತದೆ.

ಮೊದಲು ಹೊಳೆದದ್ದು 'ಹೋಗುವೆ, ಮರಳುವೆ, ಇಲ್ಲ ಯುದ್ಧದಲ್ಲಿ ಮಡಿಯುವೆ'. ಇದರಲ್ಲಿ 'ಇಲ್ಲ' ಎಂಬುದಕ್ಕೆ 'ಅಥವಾ' ಎಂಬ ಅರ್ಥ ಬಂದುಬಿಡುತ್ತದೆ. ಒಂದೋ ಬರ್ತೀಯ, ಇಲ್ಲ ಸಾಯ್ತೀಯ. ಅದೂ ಎಲ್ಲಿಯೂ ಸಿಕ್ಕಿಬೀಳದ ಭವಿಷ್ಯವೇ, ಆದರೆ ಮೂಲದ ಆಟ ಬೇರೆ. ಅಲ್ಲಿ ಅಲ್ಪವಿರಾಮದ ಜಾಗ ಬದಲಾದರೆ ಅರ್ಥ ತಲೆಕೆಳಗಾಗಬೇಕು. ಕ್ರಿಯಾಪದದಿಂದ 'ಇಲ್ಲ'ವನ್ನು ಬಿಡಿಸಿ ಸ್ವತಂತ್ರವಾಗಿ ನಿಲ್ಲಿಸಬೇಕು. ತುಂಬ ತಿರುಗಿಸಿ ಮುರುಗಿಸಿ ಕೊನೆಗೆ ಸಿಕ್ಕಿದ್ದು ಇದು:

ಹೋಗುವುದು ಮರಳುವುದು ಇಲ್ಲ ಯುದ್ಧದಲ್ಲಿ ಸಾಯುವುದು.

ಈಗ ಓದಿ. 'ಹೋಗುವುದು, ಮರಳುವುದು. ಇಲ್ಲ ಯುದ್ಧದಲ್ಲಿ ಸಾಯುವುದು.' ಬದುಕಿದ. 'ಹೋಗುವುದು. ಮರಳುವುದು ಇಲ್ಲ. ಯುದ್ಧದಲ್ಲಿ ಸಾಯುವುದು.' ಸತ್ತ. ಪದಗಳ ಕ್ರಮ ಕೂಡ ಲ್ಯಾಟಿನ್‌ನ ಕ್ರಮವೇ. 'ನೀನು' ಎಂಬುದು ಹೋಯಿತು, ಆದರೆ ಭವಿಷ್ಯ ಹೇಳುವವರ ಮಾತಿಗೆ ಅದು ಚೆನ್ನಾಗೇ ಒಪ್ಪುತ್ತದೆ. ಇಂಗ್ಲಿಷ್ ವಾಕ್ಯವನ್ನು ಮುಂದಿಟ್ಟುಕೊಂಡು ಕೂತಿದ್ದರೆ ಇದು ಹೊಳೆಯುತ್ತಿರಲಿಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ. ಇಂಗ್ಲಿಷ್‌ನ 'ಯು ವಿಲ್' ಹಿಡಿದರೆ 'ನೀನು ಹೋಗುವೆ' ಬಿಟ್ಟು ಬೇರೆ ಕಡೆ ಮನಸ್ಸು ಹೋಗುವುದೇ ಇಲ್ಲ.

ಇನ್ನು ಕತುಲ್ಲುಸ್. ಕ್ರಿ.ಪೂ. 1ನೇ ಶತಮಾನದ ಕವಿ. ಅವನ ಎರಡು ಸಾಲಿನ ಪದ್ಯ ನಮ್ಮ ಆಟದಲ್ಲಿ ಮತ್ತೆ ಮತ್ತೆ ಬರುತ್ತದೆ, ಯಾರಿಗೂ ಬೇಸರ ಆಗಿಲ್ಲ.

'ಓದೀ ಎತ್ ಅಮೋ. ಕ್ವಾರೇ ಇದ್ ಫಕಿಅಮ್, ಫೊರ್ತಸ್ಸೆ ರೆಕ್ವೀರಿಸ್?
ನೆಸ್ಕಿಓ, ಸೆದ್ ಫಿಎರೀ ಸೆಂತಿಓ ಎತ್ ಎಕ್ಸ್‌ಕ್ರುಕಿಒರ್.'

ಎರಡು ಸಾಲಿನಲ್ಲಿ ಎಂಟು ಕ್ರಿಯಾಪದ. ಒಂದೇ ಒಂದು ನಾಮಪದ ಇಲ್ಲ, ಒಂದು ವಿಶೇಷಣ ಇಲ್ಲ. 'ನಾನು' ಅಂತ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ಇಂಗ್ಲಿಷ್‌ನಲ್ಲಿ ಹೆಚ್ಚುಕಡಿಮೆ ಪ್ರತಿ ಕ್ರಿಯಾಪದಕ್ಕೂ 'ಐ' ಬೇಕು, ಹಾಗಾಗಿ ಅಲ್ಲಿ ಪದ್ಯದ ತುಂಬ ನಾನು ನಾನು ನಾನು. ಕನ್ನಡದಲ್ಲಿ ಆ ಅವಸ್ಥೆ ಇಲ್ಲ:

ದ್ವೇಷಿಸುತ್ತೇನೆ, ಪ್ರೀತಿಸುತ್ತೇನೆ. ಯಾಕೆ ಹಾಗೆ ಮಾಡ್ತೀಯ ಅಂತ ಕೇಳುವೆಯೇನೋ.
ಗೊತ್ತಿಲ್ಲ, ಆದರೆ ಹಾಗೆ ಆಗ್ತಿದೆ ಅನಿಸುತ್ತದೆ, ನರಳುತ್ತೇನೆ.

'ಫಿಎರೀ' ಎಂಬುದು ಇಲ್ಲಿ ಪ್ರಾಣ. ಮೊದಲ ಸಾಲಿನಲ್ಲಿ 'ಫಕಿಅಮ್', ಮಾಡುವುದು. ಎರಡನೆಯ ಸಾಲಿನಲ್ಲಿ 'ಫಿಎರೀ', ಆಗುವುದು. ನಾನು ಮಾಡುತ್ತಿಲ್ಲ, ಅದು ಆಗುತ್ತಿದೆ. ಕನ್ನಡದ 'ಮಾಡು', 'ಆಗು' ಜೋಡಿ ಅದಕ್ಕೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಅದಕ್ಕೂ ಮುಂದೆ ಹೋಗಿ ನೋಡಿದರೆ, ನಮ್ಮಲ್ಲಿ 'ಗೊತ್ತಿಲ್ಲ' ಮತ್ತು 'ಅನಿಸುತ್ತದೆ' ಎರಡಕ್ಕೂ ಬೇಕಾದದ್ದು 'ನನಗೆ'. ದ್ವೇಷಿಸುವಾಗ, ಪ್ರೀತಿಸುವಾಗ 'ನಾನು' ಇದ್ದವನು ಎರಡನೆಯ ಸಾಲಿಗೆ ಬರುವಷ್ಟರಲ್ಲಿ 'ನನಗೆ' ಆಗಿಬಿಡುತ್ತಾನೆ. ಮಾಡುವವನು ಅನುಭವಿಸುವವನಾಗುತ್ತಾನೆ. ಲ್ಯಾಟಿನ್ ಈ ಜಾರುವಿಕೆಯನ್ನು ಕೊನೆಯ ಪದದಲ್ಲಿ, ಕರ್ಮಣಿ ಪ್ರಯೋಗದಲ್ಲಿ ಮಾಡುತ್ತದೆ. 'ಎಕ್ಸ್‌ಕ್ರುಕಿಒರ್' ಅಂದರೆ ನನಗೆ ಚಿತ್ರಹಿಂಸೆ ಆಗುತ್ತಿದೆ. ಕನ್ನಡ ಅದನ್ನು ಸ್ವಲ್ಪ ಮೊದಲೇ ಶುರುಮಾಡುತ್ತದೆ, ಯಾವ ಸದ್ದೂ ಇಲ್ಲದೆ. ಇದನ್ನು ನಾನು ಬಲವಂತವಾಗಿ ತಂದದ್ದಲ್ಲ, ಮಾಮೂಲಿ ಕನ್ನಡ ಬರೆದರೆ ತಾನಾಗೇ ಬರುತ್ತದೆ. ಹಾಗಾದರೆ ಕೊನೆಯ ಪದವನ್ನೂ 'ನರಳುತ್ತೇನೆ' ಅಂತ ಮತ್ತೆ 'ನಾನು' ಕಡೆ ತಿರುಗಿಸುವುದಕ್ಕಿಂತ 'ಜೀವ ಹಿಂಡುತ್ತದೆ' ಅಂತ ಮಾಡುವುದು ಒಳ್ಳೆಯದಾ? ಗುಂಪಿನಲ್ಲಿ ಇದರ ಬಗ್ಗೆ ಇನ್ನೂ ವಾದ ನಡೆಯುತ್ತಿದೆ. 'ಜೀವ ಹಿಂಡುತ್ತದೆ' ಅಂದರೆ ಒಂದು ನಾಮಪದ ಒಳಗೆ ಬಂದುಬಿಡುತ್ತದೆ, ಬರೀ ಕ್ರಿಯಾಪದಗಳ ಪದ್ಯ ಕೆಡುತ್ತದೆ. ಆದರೂ ನನ್ನ ಮನಸ್ಸು ಅದರ ಕಡೆಗೇ ವಾಲುತ್ತಿದೆ.

ಹಳೆಯ ವಾಕ್ಯಗಳನ್ನು ಮಾತ್ರ ಆಡಬೇಕೆಂದೇನಿಲ್ಲ. ಫಿನ್ಲೆಂಡಿನ ಸರ್ಕಾರಿ ರೇಡಿಯೋ 1989ರಿಂದ 2019ರವರೆಗೆ ಲ್ಯಾಟಿನ್‌ನಲ್ಲಿ ವಾರದ ಸುದ್ದಿ ಓದುತ್ತಿತ್ತು. 2013ರ ಫೆಬ್ರವರಿಯಲ್ಲಿ 16ನೇ ಬೆನೆಡಿಕ್ಟ್ ಪೋಪ್ ಪದವಿ ಬಿಡುವುದಾಗಿ ಹೇಳಿದ್ದು ಲ್ಯಾಟಿನ್‌ನಲ್ಲಿ, ಲ್ಯಾಟಿನ್ ಗೊತ್ತಿದ್ದ ಇಟಲಿಯ ಒಬ್ಬ ಪತ್ರಕರ್ತೆ ಅದನ್ನು ಅರ್ಥ ಮಾಡಿಕೊಂಡು ಜಗತ್ತಿಗೆ ಮೊದಲು ಸುದ್ದಿ ಮುಟ್ಟಿಸಿದರು. ವ್ಯಾಟಿಕನ್‌ನ ಎಟಿಎಂ ಪರದೆಯ ಮೇಲೆ ಬರುವ ವಾಕ್ಯವನ್ನೂ ಆಡಿ ನೋಡಿ: 'ಈನ್ಸೆರಿತೋ ಸ್ಕಿದುಲಮ್ ಕ್ವೈಸೋ ಉತ್ ಫಕಿಉಂದಮ್ ಕೊಗ್ನೋಸ್ಕಾಸ್ ರತಿಓನೆಮ್.' ಏನು ಮಾಡಬೇಕು ಅಂತ ತಿಳಿಯಲು ದಯವಿಟ್ಟು ಕಾರ್ಡ್ ಹಾಕಿ. ಕಾರ್ಡಿಗೆ ಅವರು ಬಳಸಿದ 'ಸ್ಕಿದುಲ' ಮೂಲದಲ್ಲಿ ಕಾಗದದ ಚೀಟಿ. ಇಲ್ಲೂ ಯಂತ್ರ ನಮ್ಮನ್ನು 'ನೀನು' ಅಂತಲೇ ಕರೆಯುತ್ತಿದೆ.

ಯಂತ್ರಾನುವಾದ ಬಳಸಬೇಡಿ ಅಂತ ನಮ್ಮ ಆಟದಲ್ಲಿ ನಿಯಮ ಇದೆ. ಕಾರಣ ಮೇಲಿನದ್ದೇ. ಬಹಳ ಕಾಲ ಈ ಯಂತ್ರಗಳು ಎಷ್ಟೋ ಭಾಷಾಜೋಡಿಗಳನ್ನು ಇಂಗ್ಲಿಷ್ ಮೂಲಕವೇ ದಾಟಿಸುತ್ತಿದ್ದವು, ಮಾರ್ಕುಸ್‌ನ ಗೆಳೆಯ ಬದಲಾದ ಹಾಗೆ ಅಲ್ಲೂ ಬದಲಾಗುತ್ತಾನೆ. ನಿಮ್ಮ ತಲೆಯೊಳಗೆ ಇಂಗ್ಲಿಷ್ ಕೂತಿದ್ದರೂ ಆಗುವುದು ಅದೇ.

ಆಡಬೇಕು ಅನಿಸಿದರೆ ಈ ವಾಕ್ಯದಿಂದ ಶುರುಮಾಡಿ: 'ದೀಕಿತ್ ಸೇ ವೆಂತೂರುಮ್ ಎಸ್ಸೆ, ಸೆದ್ ನೋನ್ ವೆನಿತ್.' 'ದೀಕಿತ್' ಅಂದರೆ ಹೇಳುತ್ತಾನೆ, 'ಸೇ' ತಾನು, 'ವೆಂತೂರುಮ್ ಎಸ್ಸೆ' ಬರಲಿರುವುದು, 'ಸೆದ್' ಆದರೆ, 'ನೋನ್' ಇಲ್ಲ. 'ವೆನಿತ್' ಯಾವುದು ಅಂತ ಮೇಲೆ ಹೇಳಿದ್ದೇನೆ, ಹ್ರಸ್ವ ದೀರ್ಘ ನೋಡಿಕೊಳ್ಳಿ. ಹೇಳಿದವರು ಗಂಡಸು ಅಂತ 'ವೆಂತೂರುಮ್' ಸೂಚಿಸುತ್ತದೆ, ಹೆಂಗಸಾಗಿದ್ದರೆ 'ವೆಂತೂರಮ್'. ಕನ್ನಡದಲ್ಲಿ 'ತಾನು ಬರುವುದಾಗಿ' ಅಂತ ಒಂದು ಸಲ ಮಾಡಿ, 'ಬರ್ತೀನಿ ಅಂತ' ಇಟ್ಟು ಇನ್ನೊಂದು ಸಲ ಮಾಡಿ, ಎರಡನ್ನೂ ಬೇರೆ ಬೇರೆಯವರ ಕೈಗೆ ಕೊಟ್ಟು ಲ್ಯಾಟಿನ್‌ಗೆ ವಾಪಸ್ ತರಿಸಿ ನೋಡಿ.